ವಡಾಪಾವ್, ವಾಕಿಂಗ್, ತೂಕ ಇಳಿಕೆ: ಮುಂಬೈ ಬದುಕಿನಲ್ಲಿ ಕರುಳಿನ ಬ್ಯಾಕ್ಟೀರಿಯಾಗಳಿಗೆ ಆಗುವುದೇನು?

ಮುಂಬೈ: ಬೆಳಗ್ಗೆ ಆರು ಗಂಟೆಗೆ ವಿರಾರ್, ಡೊಂಬಿವಿಲಿ, ಕಲ್ಯಾಣದಲ್ಲಿ ಲೋಕಲ್ ರೈಲು ಹತ್ತುವವರಿಗೆ ಮನೆಯಲ್ಲಿ ಕುಳಿತು ತಿಂಡಿ ತಿನ್ನಲು ಪುರಸೊತ್ತಿಲ್ಲ. ಸ್ಟೇಷನ್ ಹೊರಗೆ ಒಂದು ಕಟಿಂಗ್ ಚಹಾ, ಒಂದು ವಡಾಪಾವ್. ಮಧ್ಯಾಹ್ನ ಡಬ್ಬಾ ಇದ್ದರೆ ಪುಣ್ಯ, ಇಲ್ಲದಿದ್ದರೆ ಮತ್ತೆ ಪಾವ್. ರಾತ್ರಿ ಮನೆ ಸೇರುವಾಗ ಒಂಬತ್ತೂವರೆ, ಊಟ ಹತ್ತಕ್ಕೆ. ಹೊಟ್ಟೆ ಉಬ್ಬರ, ಮಲಬದ್ಧತೆ, ಹುಳಿತೇಗು ಎಂದು ಗೊಣಗುತ್ತಲೇ ವರ್ಷಗಳು ಕಳೆಯುತ್ತವೆ. ಸೊಂಟದ ಸುತ್ತಳತೆ ಏರುತ್ತದೆ. ಒಂದು ದಿನ ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಪ್ರಮಾಣ ಹೆಚ್ಚಾಗಿರುವುದು ಗೊತ್ತಾಗುತ್ತದೆ.

ಈ ಕಥೆಯಲ್ಲಿ ಕಣ್ಣಿಗೆ ಕಾಣದ ಒಂದು ಪಾತ್ರವಿದೆ. ಅದೇ ಕರುಳಿನ ಬ್ಯಾಕ್ಟೀರಿಯಾ. ಏನು ತಿನ್ನುತ್ತೇವೆ, ಎಷ್ಟು ನಡೆಯುತ್ತೇವೆ, ತೂಕ ಹೇಗೆ ಇಳಿಸುತ್ತೇವೆ ಎಂಬುದೆಲ್ಲ ಈ ಜೀವಿಗಳ ಮೇಲೆ ಪರಿಣಾಮ ಬೀರುತ್ತದೆ ಎಂದು ಕಳೆದ ಎರಡು ದಶಕಗಳ ಸಂಶೋಧನೆ ಹೇಳುತ್ತಿದೆ. ಅದೇ ಹೊತ್ತಿಗೆ ಈ ವಿಷಯದ ಹೆಸರಿನಲ್ಲಿ ಕ್ಯಾಪ್ಸೂಲ್, ಪುಡಿ, ಟೆಸ್ಟ್ ಕಿಟ್‌ಗಳ ಮಾರಾಟವೂ ಜೋರಾಗಿದೆ. ಇದರಲ್ಲಿ ಖಚಿತವಾಗಿ ಗೊತ್ತಿರುವುದು ಏನು, ಇನ್ನೂ ಗೊತ್ತಾಗಬೇಕಿರುವುದು ಏನು? ಮುಂಬೈ ಮತ್ತು ಉಪನಗರಗಳ ದಿನಚರಿಯಲ್ಲಿ ಏನು ಮಾಡಬಹುದು? ಇಲ್ಲಿದೆ ಸಂಪೂರ್ಣ ಮಾಹಿತಿ.

ಕರುಳಿನ ಬ್ಯಾಕ್ಟೀರಿಯಾ ಎಂದರೇನು?

ಮನುಷ್ಯನ ಜೀರ್ಣಾಂಗದಲ್ಲಿ, ಅದರಲ್ಲೂ ದೊಡ್ಡ ಕರುಳಿನಲ್ಲಿ, ನೂರಾರು ಜಾತಿಯ ಬ್ಯಾಕ್ಟೀರಿಯಾಗಳಿವೆ. 2016ರಲ್ಲಿ ಪ್ರಕಟವಾದ ಲೆಕ್ಕಾಚಾರದ ಪ್ರಕಾರ 70 ಕೆಜಿ ತೂಕದ ಪುರುಷನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿರುತ್ತವೆ. ಅದೇ ದೇಹದ ಸ್ವಂತ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. 'ಬ್ಯಾಕ್ಟೀರಿಯಾಗಳು ಜೀವಕೋಶಗಳಿಗಿಂತ ಹತ್ತು ಪಟ್ಟು ಹೆಚ್ಚು' ಎಂಬ ಹಳೆಯ ಮಾತು ಸರಿಯಲ್ಲ. ಇಷ್ಟೆಲ್ಲ ಬ್ಯಾಕ್ಟೀರಿಯಾಗಳ ಒಟ್ಟು ತೂಕ ಸುಮಾರು 200 ಗ್ರಾಂ ಮಾತ್ರ.

ಇವು ಅಲ್ಲಿ ಸುಮ್ಮನೆ ಕುಳಿತಿಲ್ಲ. ನಾವು ತಿಂದ ಅನ್ನ, ಸಕ್ಕರೆ, ಎಣ್ಣೆ ಬಹುತೇಕ ಸಣ್ಣ ಕರುಳಿನಲ್ಲೇ ಜೀರ್ಣವಾಗುತ್ತದೆ. ಕಾಳು, ಸೊಪ್ಪು, ತರಕಾರಿ, ಸಿರಿಧಾನ್ಯಗಳ ನಾರಿನಂಶವನ್ನು ಕರಗಿಸುವ ಶಕ್ತಿ ನಮ್ಮ ದೇಹಕ್ಕಿಲ್ಲ. ಅದು ದೊಡ್ಡ ಕರುಳಿಗೆ ಇಳಿದಾಗ ಬ್ಯಾಕ್ಟೀರಿಯಾಗಳಿಗೆ ಊಟ ಸಿಗುತ್ತದೆ. ಅವು ನಾರನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ.

ಇವುಗಳಲ್ಲಿ ಬ್ಯುಟಿರೇಟ್ ದೊಡ್ಡ ಕರುಳಿನ ಒಳಗೋಡೆಯ ಜೀವಕೋಶಗಳಿಗೆ ಮುಖ್ಯ ಇಂಧನ. ಈ ಆಮ್ಲಗಳು ಹಸಿವು ಮತ್ತು ಸಕ್ಕರೆಯನ್ನು ಹತೋಟಿಯಲ್ಲಿಡುವ ಹಾರ್ಮೋನುಗಳ ಸ್ರವಿಕೆಗೂ ನೆರವಾಗುತ್ತವೆ. ನಾರು ಸಿಗದಿದ್ದರೆ ಏನಾಗುತ್ತದೆ? ಇಲಿಗಳ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದಕ್ಕೆ ಉತ್ತರ ಸಿಕ್ಕಿದೆ. ನಾರಿಲ್ಲದ ಆಹಾರ ಕೊಟ್ಟಾಗ ಬ್ಯಾಕ್ಟೀರಿಯಾಗಳು ಕರುಳಿನ ಗೋಡೆಯನ್ನು ಕಾಪಾಡುವ ಲೋಳೆಯ ಪದರವನ್ನೇ ತಿನ್ನತೊಡಗಿದವು. ಪದರ ತೆಳುವಾಗಿ ರೋಗಾಣುಗಳಿಗೆ ದಾರಿ ಸುಲಭವಾಯಿತು.

ಮುಂಬೈಗೆ ಇದು ಏಕೆ ಮುಖ್ಯ?

ಮುಂಬೈ ಮಹಾನಗರ ಪಾಲಿಕೆಯು ವಿಶ್ವ ಆರೋಗ್ಯ ಸಂಸ್ಥೆಯ 'ಸ್ಟೆಪ್ಸ್' ಮಾದರಿಯಲ್ಲಿ 2021ರಲ್ಲಿ ಸಮೀಕ್ಷೆ ನಡೆಸಿತ್ತು. 18ರಿಂದ 69 ವರ್ಷದವರನ್ನು ಪರೀಕ್ಷಿಸಿದಾಗ ಶೇ. 34ರಷ್ಟು ಮಂದಿಗೆ ಅಧಿಕ ರಕ್ತದೊತ್ತಡ, ಶೇ. 18ರಷ್ಟು ಮಂದಿಗೆ ಖಾಲಿ ಹೊಟ್ಟೆಯ ಸಕ್ಕರೆ ಪ್ರಮಾಣ ಹೆಚ್ಚಿರುವುದು ಕಂಡುಬಂತು. ಕರುಳಿನ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಅಂಕಿ ಇನ್ನೊಂದಿದೆ. ಸುಮಾರು ಶೇ. 94ರಷ್ಟು ಮಂದಿ ದಿನಕ್ಕೆ ಬೇಕಾದಷ್ಟು ಹಣ್ಣು, ತರಕಾರಿ ತಿನ್ನುತ್ತಿರಲಿಲ್ಲ. ಅಂದರೆ ನಗರದ ಬಹುಪಾಲು ಜನರ ಬ್ಯಾಕ್ಟೀರಿಯಾಗಳು ಅರೆಹೊಟ್ಟೆಯಲ್ಲಿವೆ ಎಂದಾಯಿತು.

ದೇಶದ ಚಿತ್ರಣವೂ ಆತಂಕಕಾರಿಯೇ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಪ್ರಕಾರ ಭಾರತದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಇನ್ನೂ 13.6 ಕೋಟಿ ಜನ ಮಧುಮೇಹದ ಅಂಚಿನಲ್ಲಿದ್ದಾರೆ.

'ನಾನು ದಪ್ಪ ಇಲ್ಲವಲ್ಲ' ಎಂದು ಸಮಾಧಾನಪಡುವಂತೆಯೂ ಇಲ್ಲ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್‌ನ ಡಾ. ಜಾನ್ ಯುಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮದೇ ದೇಹಗಳನ್ನು ಹೋಲಿಸಿ ತೋರಿಸಿದ್ದರು. ಇಬ್ಬರ ಬಿಎಂಐ ಕೂಡ 22.3. ಆದರೆ ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ. 9.1 ಇದ್ದರೆ, ಯಾಜ್ಞಿಕ್ ದೇಹದಲ್ಲಿ ಶೇ. 21.2 ಇತ್ತು. ತೆಳ್ಳಗೆ ಕಾಣುವ ಭಾರತೀಯರಲ್ಲೂ ಹೊಟ್ಟೆಯ ಸುತ್ತ ಕೊಬ್ಬು ಅಡಗಿರುತ್ತದೆ. ಆದ್ದರಿಂದಲೇ ಭಾರತೀಯರಿಗೆ ಬಿಎಂಐ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ವೈದ್ಯರು ಲೆಕ್ಕ ಹಾಕುತ್ತಾರೆ.

ಊಟ ಬದಲಾದರೆ ಬ್ಯಾಕ್ಟೀರಿಯಾ ಎಷ್ಟು ಬೇಗ ಬದಲಾಗುತ್ತವೆ?

ಬಹಳ ಬೇಗ. ಅಮೆರಿಕದಲ್ಲಿ ನಡೆದು 2014ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆಲವು ಸ್ವಯಂಸೇವಕರಿಗೆ ಐದು ದಿನ ಬರೀ ಮಾಂಸ, ಮೊಟ್ಟೆ, ಚೀಸ್ ಕೊಡಲಾಯಿತು. ಇನ್ನೊಂದು ಸುತ್ತಿನಲ್ಲಿ ಐದು ದಿನ ಕಾಳು, ಧಾನ್ಯ, ತರಕಾರಿ, ಹಣ್ಣು ಮಾತ್ರ. ಮಾಂಸಾಹಾರದ ಸುತ್ತಿನಲ್ಲಿ ಕೆಲವೇ ದಿನಗಳಲ್ಲಿ ಪಿತ್ತರಸ ತಡೆದುಕೊಳ್ಳುವ ಬ್ಯಾಕ್ಟೀರಿಯಾಗಳು ಹೆಚ್ಚಿದವು, ಸಸ್ಯದ ನಾರು ಕರಗಿಸುವವು ಕಡಿಮೆಯಾದವು. ಹಳೆಯ ಊಟಕ್ಕೆ ಮರಳಿದಾಗ ಬ್ಯಾಕ್ಟೀರಿಯಾಗಳೂ ಬೇಗನೆ ಹಳೆಯ ಸ್ಥಿತಿಗೆ ಮರಳಿದವು.

ಇದರಿಂದ ಎರಡು ಪಾಠ. ಒಂದು, ಬದಲಾವಣೆಗೆ ತಿಂಗಳುಗಟ್ಟಲೆ ಕಾಯಬೇಕಿಲ್ಲ. ಎರಡು, ನಾಲ್ಕು ದಿನದ 'ಡಿಟಾಕ್ಸ್' ಮಾಡಿ ಐದನೇ ದಿನ ಹಳೆಯ ರೂಢಿಗೆ ಮರಳಿದರೆ ಏನೂ ಉಳಿಯುವುದಿಲ್ಲ.

ವರ್ಷಗಟ್ಟಲೆಯ ರೂಢಿಯ ಪರಿಣಾಮ ಬೇರೆ ಬಗೆಯದು. ಭಾರತದಲ್ಲೇ ಇದಕ್ಕೆ ಉದಾಹರಣೆಯಿದೆ. ಭೋಪಾಲ್‌ನ ಐಸರ್ ಸಂಸ್ಥೆಯ ವಿಜ್ಞಾನಿಗಳು ಭೋಪಾಲ್ ಮತ್ತು ಕೇರಳದ 110 ಆರೋಗ್ಯವಂತರ ಕರುಳಿನ ಬ್ಯಾಕ್ಟೀರಿಯಾಗಳನ್ನು ಹೋಲಿಸಿ 2019ರಲ್ಲಿ ವರದಿ ಪ್ರಕಟಿಸಿದರು. ಹೆಚ್ಚಾಗಿ ಸಸ್ಯಾಹಾರ ಸೇವಿಸುವ ಭೋಪಾಲ್ ಭಾಗದವರಲ್ಲಿ ಪ್ರಿವೊಟೆಲ್ಲಾ ಎಂಬ ಬ್ಯಾಕ್ಟೀರಿಯಾ ಪ್ರಧಾನವಾಗಿತ್ತು. ಅನ್ನ, ಮೀನು, ಮಾಂಸ ಸೇರಿದ ಊಟ ಮಾಡುವ ಕೇರಳದವರಲ್ಲಿ ಬ್ಯಾಕ್ಟೀರಾಯ್ಡಿಸ್, ಫೀಕಾಲಿಬ್ಯಾಕ್ಟೀರಿಯಂ ಮುಂತಾದವು ಹೆಚ್ಚಿದ್ದವು. ಎರಡೂ ಆರೋಗ್ಯವಂತ ಗುಂಪುಗಳೇ. ಅಂದರೆ 'ಇದೇ ಸರಿಯಾದ ಬ್ಯಾಕ್ಟೀರಿಯಾ' ಎಂಬ ಒಂದೇ ಅಚ್ಚು ಇಲ್ಲ.

ಊರು ಬಿಟ್ಟು ಬಂದವರ ವಿಷಯದಲ್ಲಿ ಇನ್ನೊಂದು ಅಧ್ಯಯನ ಗಮನಾರ್ಹ. ಥಾಯ್ಲೆಂಡ್‌ನಿಂದ ಅಮೆರಿಕಕ್ಕೆ ವಲಸೆ ಹೋದ ಮೋಂಗ್ ಮತ್ತು ಕರೆನ್ ಸಮುದಾಯದವರಲ್ಲಿ ವಲಸೆಯ ನಂತರ ಬ್ಯಾಕ್ಟೀರಿಯಾಗಳ ವೈವಿಧ್ಯ ಕುಸಿಯುತ್ತಾ ಹೋಯಿತು, ಪ್ರಿವೊಟೆಲ್ಲಾ ಜಾಗವನ್ನು ಬ್ಯಾಕ್ಟೀರಾಯ್ಡಿಸ್ ಆಕ್ರಮಿಸಿತು ಎಂದು 2018ರಲ್ಲಿ ವರದಿಯಾಯಿತು. ಎರಡನೇ ತಲೆಮಾರಿನಲ್ಲಿ ಈ ಕುಸಿತ ಇನ್ನೂ ಹೆಚ್ಚಿತ್ತು. ಮುಂಬೈ ಬೇರೆ ದೇಶವಲ್ಲ, ನಿಜ. ಆದರೆ ಉಡುಪಿ, ಕುಂದಾಪುರ, ವಿಜಯಪುರ, ಕಲಬುರಗಿಯಿಂದ ಬಂದು ಇಲ್ಲಿ ನೆಲೆಸಿದ ಕುಟುಂಬಗಳಲ್ಲಿ ಊಟದ ಬದಲಾವಣೆ ಅಂಥದ್ದೇ. ಹುರುಳಿ ಸಾರು, ಬಸಳೆ, ಕುಚ್ಚಲಕ್ಕಿ ಗಂಜಿ, ಜೋಳದ ರೊಟ್ಟಿ, ಮಡಿಕೆ ಕಾಳಿನ ಪಲ್ಯ ಇದ್ದ ಜಾಗಕ್ಕೆ ಪಾಲಿಶ್ ಅಕ್ಕಿ, ಪಾವ್, ಬಿಸ್ಕತ್ತು, ನೂಡಲ್ಸ್ ಬಂದಿವೆ.

ವಡಾಪಾವ್ ಬಿಡಲೇಬೇಕೇ?

ಬೇಕಿಲ್ಲ. ಆದರೆ ಅದು ಊಟದ ಬದಲಿ ಅಲ್ಲ ಎಂಬುದು ತಿಳಿದಿರಬೇಕು. ಪಾವ್ ಮೈದಾದ್ದು, ಒಳಗಿನದು ಎಣ್ಣೆಯಲ್ಲಿ ಕರಿದ ಆಲೂಗಡ್ಡೆ. ನಾರು ತೀರ ಕಡಿಮೆ. ಹೊಟ್ಟೆ ತುಂಬಿದಂತೆ ಅನಿಸಿದರೂ ದೊಡ್ಡ ಕರುಳಿಗೆ ತಲುಪುವುದು ಸ್ವಲ್ಪವೇ.

ಅದೇ ಮುಂಬೈ ಬೀದಿಯಲ್ಲಿ ಒಳ್ಳೆಯ ಆಯ್ಕೆಗಳೂ ಇವೆ. ಮೊಳಕೆ ಮಡಿಕೆ ಕಾಳಿನ ಉಸಳ್, ಬೇಯಿಸಿದ ಕಡಲೆ, ಬೇಯಿಸಿದ ಶೇಂಗಾ, ಸುಟ್ಟ ಮೆಕ್ಕೆಜೋಳ, ಪೇರಲೆ ಹಣ್ಣು, ಜೋಳದ ಭಾಕ್ರಿ ಜೊತೆ ಸೊಪ್ಪಿನ ಭಾಜಿ. ಮಿಸಳ್ ತಿನ್ನುವುದಿದ್ದರೆ ಮೇಲಿನ ಎಣ್ಣೆಯ ತರ್ರಿ ಮತ್ತು ಫರಸಾಣ ಕಡಿಮೆ ಮಾಡಿ ಕಾಳು ಹೆಚ್ಚು ಹಾಕಿಸಿಕೊಂಡರೆ ಅದೂ ಕರುಳಿಗೆ ಒಳ್ಳೆಯದೇ.

ವಯಸ್ಕರು ದಿನಕ್ಕೆ ಕನಿಷ್ಠ 25 ಗ್ರಾಂ ನಾರಿನಂಶ, 400 ಗ್ರಾಂ ಹಣ್ಣು–ತರಕಾರಿ ತಿನ್ನಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹೈದರಾಬಾದ್‌ನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ 2,000 ಕ್ಯಾಲೊರಿಯ ದಿನದ ತಟ್ಟೆಯಲ್ಲಿ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು, 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು ಅಥವಾ ಮೊಟ್ಟೆ–ಮಾಂಸ ಇವೆ.

ಒಂದು ಎಚ್ಚರಿಕೆ: ನಾರಿನ ರೂಢಿಯೇ ಇಲ್ಲದವರು ಒಮ್ಮೆಲೇ ಬಟ್ಟಲು ತುಂಬಾ ಕಾಳು ತಿಂದರೆ ಗ್ಯಾಸ್, ಹೊಟ್ಟೆನೋವು ಗ್ಯಾರಂಟಿ. ಎರಡು ಮೂರು ವಾರಗಳಲ್ಲಿ ನಿಧಾನವಾಗಿ ಹೆಚ್ಚಿಸಬೇಕು. ಕಾಳನ್ನು ರಾತ್ರಿ ನೆನೆಸಿ, ನೀರು ಚೆಲ್ಲಿ, ಚೆನ್ನಾಗಿ ಬೇಯಿಸಬೇಕು. ನೀರು ಸಾಕಷ್ಟು ಕುಡಿಯಬೇಕು.

ಇಡ್ಲಿ, ದೋಸೆ, ಮೊಸರು: ಯಾವುದರಲ್ಲಿ ಜೀವಂತ ಬ್ಯಾಕ್ಟೀರಿಯಾ?

ಮಾಟುಂಗ ಸ್ಟೇಷನ್ ಬಳಿ 1942ರಿಂದ ಬಾಳೆಎಲೆ ಊಟ ಬಡಿಸುತ್ತಿರುವ ಎ. ರಾಮ ನಾಯಕ್ ಅವರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಿಂದ ಹಿಡಿದು ಉಪನಗರಗಳ ಗಲ್ಲಿಗಲ್ಲಿಯ ಉಡುಪಿ ಹೋಟೆಲ್‌ಗಳವರೆಗೆ, ಮುಂಬೈಗೆ ದಕ್ಷಿಣದ ಹುದುಗಿಸಿದ ತಿಂಡಿಗಳ ರುಚಿ ಹತ್ತಿಸಿದವರು ಕರಾವಳಿ ಕನ್ನಡಿಗರು. ಇಡ್ಲಿ–ದೋಸೆ ಹಿಟ್ಟು ಹುದುಗುವುದು ಲ್ಯೂಕೊನಾಸ್ಟಾಕ್‌ನಂತಹ ಬ್ಯಾಕ್ಟೀರಿಯಾಗಳಿಂದ. ಆದರೆ ಹಬೆಯಲ್ಲಿ ಬೇಯಿಸಿದಾಗ, ಕಾವಲಿಯಲ್ಲಿ ಹುಯ್ದಾಗ ಅವು ಸಾಯುತ್ತವೆ. ಆದ್ದರಿಂದ ಇಡ್ಲಿ ಸುಲಭವಾಗಿ ಜೀರ್ಣವಾಗುವ ಒಳ್ಳೆಯ ತಿಂಡಿ, ಆದರೆ ಜೀವಂತ ಬ್ಯಾಕ್ಟೀರಿಯಾದ ಮೂಲವಲ್ಲ.

ಜೀವಂತ ಬ್ಯಾಕ್ಟೀರಿಯಾ ಇರುವುದು ಮೊಸರು, ಮಜ್ಜಿಗೆ, ಕುದಿಸದ ಮಜ್ಜಿಗೆಯಲ್ಲಿ ಮಾಡಿದ ತಂಬುಳಿ, ಮೊಸರು ಬಜ್ಜಿಯಲ್ಲಿ. ಮಜ್ಜಿಗೆ ಹುಳಿ, ಕಢಿಯಂತೆ ಕುದಿಸಿದರೆ ಅಲ್ಲೂ ಉಳಿಯುವುದಿಲ್ಲ.

ಇದರಿಂದ ಪ್ರಯೋಜನವಿದೆಯೇ? ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ತಂಡ 36 ಆರೋಗ್ಯವಂತರನ್ನು ಎರಡು ಗುಂಪು ಮಾಡಿ ಹತ್ತು ವಾರ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿತು. ಮೊಸರು, ಕೆಫಿರ್, ಹುದುಗಿಸಿದ ತರಕಾರಿ ಹೆಚ್ಚು ತಿಂದವರಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಏರಿತು. ಉರಿಯೂತ ಸೂಚಿಸುವ 19 ಪ್ರೋಟೀನ್‌ಗಳು ರಕ್ತದಲ್ಲಿ ಇಳಿದವು. ನಾರು ಹೆಚ್ಚು ತಿಂದ ಗುಂಪಿನಲ್ಲಿ ಆ ಅವಧಿಯಲ್ಲಿ ವೈವಿಧ್ಯ ಏರಲಿಲ್ಲ. ನಾರನ್ನು ಕರಗಿಸುವ ಬ್ಯಾಕ್ಟೀರಿಯಾಗಳೇ ಕಡಿಮೆ ಇದ್ದವರಿಗೆ ಹತ್ತು ವಾರ ಸಾಲದಿರಬಹುದು ಎಂಬುದು ಸಂಶೋಧಕರ ಅಂದಾಜು. ಹಾಗಾಗಿ ಒಂದನ್ನು ಬಿಟ್ಟು ಇನ್ನೊಂದಲ್ಲ, ಕಾಳು–ಸೊಪ್ಪಿನ ಜೊತೆಗೆ ಮಜ್ಜಿಗೆ ಎಂಬ ನಮ್ಮ ಹಳೆಯ ಊಟದ ಕ್ರಮವೇ ಸರಿ.

ಮೊಸರಿನ ಈ ವಿಜ್ಞಾನಕ್ಕೂ ಮುಂಬೈಗೂ ಒಂದು ಹಳೆಯ ನಂಟಿದೆ. ಮೊಸರಿನ ಬ್ಯಾಕ್ಟೀರಿಯಾ ಕರುಳಿಗೆ ಹಿತ ಎಂದು 20ನೇ ಶತಮಾನದ ಆರಂಭದಲ್ಲಿ ಪ್ರತಿಪಾದಿಸಿದವರು 1908ರ ನೊಬೆಲ್ ವಿಜೇತ ಇಲ್ಯಾ ಮೆಚ್ನಿಕಾಫ್. ಒಡೆಸ್ಸಾದಲ್ಲಿ ಅವರ ಶಿಷ್ಯರಾಗಿದ್ದವರೇ ವಾಲ್ಡೆಮಾರ್ ಹಾಫ್ಕಿನ್. 1896ರಲ್ಲಿ ಪ್ಲೇಗ್ ಬಡಿದ ಬಾಂಬೆಗೆ ಬಂದ ಹಾಫ್ಕಿನ್, 1897ರ ಜನವರಿಯಲ್ಲಿ ಪ್ಲೇಗ್ ಲಸಿಕೆಯನ್ನು ಮೊದಲು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡರು. ಪರೇಲ್‌ನಲ್ಲಿರುವ ಅವರ ಪ್ರಯೋಗಾಲಯಕ್ಕೆ 1925ರಿಂದ ಹಾಫ್ಕಿನ್ ಸಂಸ್ಥೆ ಎಂಬ ಹೆಸರಿದೆ. ಗುರು ಹಿತಕಾರಿ ಬ್ಯಾಕ್ಟೀರಿಯಾದ ಹಿಂದೆ ಹೋದರೆ, ಶಿಷ್ಯ ಕೊಲ್ಲುವ ಬ್ಯಾಕ್ಟೀರಿಯಾದ ವಿರುದ್ಧ ನಿಂತರು.

ವ್ಯಾಯಾಮದಿಂದ ಬ್ಯಾಕ್ಟೀರಿಯಾ ಬದಲಾಗುತ್ತವೆಯೇ?

2014ರಲ್ಲಿ ಐರ್ಲೆಂಡ್‌ನ ಸಂಶೋಧಕರು 40 ವೃತ್ತಿಪರ ರಗ್ಬಿ ಆಟಗಾರರನ್ನು ಸಾಮಾನ್ಯ ಜನರೊಂದಿಗೆ ಹೋಲಿಸಿದಾಗ ಆಟಗಾರರ ಕರುಳಿನಲ್ಲಿ ಬ್ಯಾಕ್ಟೀರಿಯಾ ವೈವಿಧ್ಯ ಹೆಚ್ಚಿತ್ತು. ಆದರೆ ಆಟಗಾರರ ಊಟವೂ ಬೇರೆ. ಹಾಗಾಗಿ ಇದು ವ್ಯಾಯಾಮದ ಫಲವೋ ಊಟದ ಫಲವೋ ಎಂಬುದು ಸ್ಪಷ್ಟವಾಗಲಿಲ್ಲ.

ಈ ಪ್ರಶ್ನೆಗೆ ಇಲಿನಾಯ್ ವಿಶ್ವವಿದ್ಯಾಲಯದ 2018ರ ಅಧ್ಯಯನ ಉತ್ತರ ಹುಡುಕಿತು. ವ್ಯಾಯಾಮದ ರೂಢಿಯೇ ಇಲ್ಲದ 32 ಮಂದಿಗೆ ಊಟ ಬದಲಿಸದೆ ಆರು ವಾರ, ವಾರಕ್ಕೆ ಮೂರು ದಿನ, 30ರಿಂದ 60 ನಿಮಿಷ ವ್ಯಾಯಾಮ ಮಾಡಿಸಲಾಯಿತು. ಬ್ಯುಟಿರೇಟ್ ತಯಾರಿಸುವ ಬ್ಯಾಕ್ಟೀರಿಯಾಗಳು ಹೆಚ್ಚಿದವು. ತೆಳ್ಳಗಿನವರಲ್ಲಿ ಈ ಏರಿಕೆ ಹೆಚ್ಚು, ಬೊಜ್ಜು ಇದ್ದವರಲ್ಲಿ ಕಡಿಮೆ. ಬಳಿಕ ಆರು ವಾರ ವ್ಯಾಯಾಮ ನಿಲ್ಲಿಸಿದಾಗ ಬದಲಾವಣೆ ಬಹುತೇಕ ಹಿಂದಕ್ಕೆ ಹೋಯಿತು.

ಮ್ಯಾರಥಾನ್ ಓಟಗಾರರ ಬಗ್ಗೆ ಇನ್ನೊಂದು ಕುತೂಹಲದ ಸಂಗತಿಯಿದೆ. 2015ರ ಬಾಸ್ಟನ್ ಮ್ಯಾರಥಾನ್ ಓಡಿದವರ ಕರುಳಿನಲ್ಲಿ ಓಟದ ನಂತರ ವೀಲೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಹೆಚ್ಚಾಗಿತ್ತು. ದಣಿದ ಸ್ನಾಯುಗಳಿಂದ ಬರುವ ಲ್ಯಾಕ್ಟೇಟ್ ಅನ್ನು ತಿಂದು ಪ್ರೊಪಿಯೊನೇಟ್ ಮಾಡುವುದು ಇದರ ಕೆಲಸ. ಇದನ್ನು ಇಲಿಗಳಿಗೆ ಕೊಟ್ಟಾಗ ಅವು ಶೇ. 13ರಷ್ಟು ಹೆಚ್ಚು ಹೊತ್ತು ಓಡಿದವು ಎಂದು 2019ರಲ್ಲಿ ವರದಿಯಾಯಿತು. ಮನುಷ್ಯರಿಗೂ ಹೀಗೇ ಆಗುತ್ತದೆ ಎಂದು ಇದರಿಂದ ಹೇಳಲಾಗದು.

ಜನವರಿಯಲ್ಲಿ ಮುಂಬೈ ಮ್ಯಾರಥಾನ್ ಓಡುವವರಷ್ಟೇ ಅಲ್ಲ, ಸಾಮಾನ್ಯರಿಗೂ ಇದರಲ್ಲಿ ಸಂದೇಶವಿದೆ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮರೀನ್ ಡ್ರೈವ್, ಶಿವಾಜಿ ಪಾರ್ಕ್, ಪೊವಾಯಿ ಕೆರೆ ದಂಡೆ, ಬೊರಿವಲಿಯ ರಾಷ್ಟ್ರೀಯ ಉದ್ಯಾನ ಹತ್ತಿರವಿದ್ದರೆ ಅದೃಷ್ಟ. ಇಲ್ಲದವರು ಸ್ಟೇಷನ್‌ನಿಂದ ಮನೆಗೆ ಶೇರ್ ರಿಕ್ಷಾ ಬಿಟ್ಟು ನಡೆಯಬಹುದು. ದಿನಕ್ಕೆ 25 ನಿಮಿಷ, ವಾರಕ್ಕೆ ಆರು ದಿನ ಎಂದರೆ ಲೆಕ್ಕ ಸರಿಹೋಯಿತು. ಲೋಕಲ್‌ನಲ್ಲಿ ಒಂದೂವರೆ ಗಂಟೆ ನಿಂತು ಬರುವುದು ಆಯಾಸವೇ ಹೊರತು ವ್ಯಾಯಾಮವಲ್ಲ.

ತೂಕ ಇಳಿದರೆ ಏನಾಗುತ್ತದೆ?

ಈ ಕ್ಷೇತ್ರಕ್ಕೆ ಹೆಸರು ತಂದ ಅಧ್ಯಯನ 2006ರದ್ದು. ಅಮೆರಿಕದ ಜೆಫ್ರಿ ಗಾರ್ಡನ್ ತಂಡ ಬೊಜ್ಜು ಇದ್ದ 12 ಮಂದಿಯನ್ನು ಒಂದು ವರ್ಷ ಗಮನಿಸಿತು. ಆರಂಭದಲ್ಲಿ ಅವರಲ್ಲಿ ಬ್ಯಾಕ್ಟೀರಾಯ್ಡಿಟೀಸ್ ಗುಂಪಿನ ಬ್ಯಾಕ್ಟೀರಿಯಾಗಳು ಕಡಿಮೆ, ಫರ್ಮಿಕ್ಯೂಟ್ಸ್ ಹೆಚ್ಚು ಇದ್ದವು. ತೂಕ ಇಳಿದಂತೆ ಬ್ಯಾಕ್ಟೀರಾಯ್ಡಿಟೀಸ್ ಏರಿದವು. 'ಬೊಜ್ಜಿನ ಬ್ಯಾಕ್ಟೀರಿಯಾ ಸಿಕ್ಕಿತು' ಎಂದು ಜಗತ್ತಿನಾದ್ಯಂತ ಸುದ್ದಿಯಾಯಿತು.

ಆದರೆ ಪುಣೆಯಲ್ಲಿ ಬೇರೆಯದೇ ಚಿತ್ರ ಕಂಡಿತು. ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದ ಯೋಗೇಶ್ ಶೌಚೆ ಅವರ ತಂಡ ತೆಳ್ಳಗಿನವರು, ಸಾಮಾನ್ಯ ತೂಕದವರು, ಬೊಜ್ಜು ಇದ್ದವರು ಮತ್ತು ಬೊಜ್ಜಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಭಾರತೀಯರನ್ನು ಪರೀಕ್ಷಿಸಿ 2012ರಲ್ಲಿ ವರದಿ ಪ್ರಕಟಿಸಿತು. ಇಲ್ಲಿ ಬೊಜ್ಜು ಇದ್ದವರಲ್ಲೇ ಬ್ಯಾಕ್ಟೀರಾಯ್ಡಿಸ್ ಎದ್ದು ಕಂಡಿತು. ಇದು ಬ್ಯಾಕ್ಟೀರಾಯ್ಡಿಟೀಸ್ ಗುಂಪಿಗೇ ಸೇರಿದ್ದು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಇದು ಕಡಿಮೆಯಿತ್ತು. ಅಂದರೆ ಅಮೆರಿಕದ ಫಲಿತಾಂಶಕ್ಕೆ ಹೆಚ್ಚುಕಡಿಮೆ ತಿರುವುಮುರುವು. ಅಧ್ಯಯನ ಚಿಕ್ಕದು, ಆದರೆ ಪಾಠ ದೊಡ್ಡದು. ಮುಂದೆ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಈ ಎರಡು ಗುಂಪುಗಳ ಅನುಪಾತದಿಂದ ಬೊಜ್ಜನ್ನು ಗುರುತಿಸಲಾಗದು ಎಂಬುದು ಸ್ಪಷ್ಟವಾಯಿತು. ಅಮೆರಿಕದ ಅಳತೆಗೋಲನ್ನು ಭಾರತೀಯರ ಕರುಳಿಗೆ ಹಾಗೆಯೇ ಹಿಡಿಯಲಾಗದು.

ದಿಢೀರ್ ಡಯಟ್ ಅಪಾಯವೇ?

ಜರ್ಮನಿ ಮತ್ತು ಅಮೆರಿಕದ ಸಂಶೋಧಕರು ಅಧಿಕ ತೂಕದ 80 ಮಹಿಳೆಯರ ಮೇಲೆ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಎಲ್ಲರೂ ಮುಟ್ಟು ನಿಂತವರು. ಒಂದು ಗುಂಪಿಗೆ ಎಂಟು ವಾರ ದಿನಕ್ಕೆ ಸುಮಾರು 800 ಕ್ಯಾಲೊರಿಯ ಶೇಕ್ ಮಾತ್ರ ಕೊಡಲಾಯಿತು. ತೂಕ ಇಳಿಯಿತು, ಸಕ್ಕರೆ ಹತೋಟಿ ಸುಧಾರಿಸಿತು. ಆದರೆ ಬ್ಯಾಕ್ಟೀರಿಯಾಗಳ ಒಟ್ಟು ಸಂಖ್ಯೆ ಕುಸಿದು, ಭೇದಿ ಉಂಟುಮಾಡಬಲ್ಲ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಹೆಚ್ಚಿತು. ಹಾಗೆಂದು ಅವರು ಕಾಯಿಲೆ ಬಿದ್ದರು ಎಂದಲ್ಲ. ಇಂಥ ಕಠಿಣ ಡಯಟ್ ವೈದ್ಯರ ನಿಗಾ ಇಲ್ಲದೆ ಮಾಡುವಂಥದ್ದಲ್ಲ ಎಂಬುದಕ್ಕೆ ಇದು ಸಾಕ್ಷಿ.

ಇಳಿದ ತೂಕ ಮತ್ತೆ ಏರುವುದೇಕೆ? ಇಸ್ರೇಲ್‌ನ ವೈಜ್‌ಮನ್ ಸಂಸ್ಥೆಯ 2016ರ ಇಲಿ ಪ್ರಯೋಗದಲ್ಲಿ ಇದಕ್ಕೊಂದು ಸುಳಿವಿದೆ. ತೂಕ ಪೂರ್ತಿ ಇಳಿದ ಮೇಲೂ ಇಲಿಗಳ ಬ್ಯಾಕ್ಟೀರಿಯಾಗಳು ಬಹಳ ಕಾಲ ಬೊಜ್ಜಿನ ದಿನಗಳ ಸ್ಥಿತಿಯಲ್ಲೇ ಇದ್ದವು. ಕೊಬ್ಬಿನ ಆಹಾರ ಮತ್ತೆ ಸಿಕ್ಕಾಗ ಆ ಇಲಿಗಳ ತೂಕ ಬೇಗ ಏರಿತು. ಮನುಷ್ಯರಲ್ಲಿ ತೂಕ ಮರಳಲು ಹಸಿವಿನ ಹಾರ್ಮೋನು, ನಿದ್ದೆ, ಒತ್ತಡ ಎಲ್ಲವೂ ಕಾರಣ. ಬ್ಯಾಕ್ಟೀರಿಯಾ ಅವುಗಳಲ್ಲಿ ಒಂದಿರಬಹುದು ಅಷ್ಟೆ. ಆದ್ದರಿಂದ ತೂಕ ಇಳಿದ ನಂತರದ ತಿಂಗಳುಗಳಲ್ಲೂ ಊಟದ ಶಿಸ್ತು ಬಿಡಬಾರದು.

ತೂಕ ಇಳಿಸುವ ಚುಚ್ಚುಮದ್ದುಗಳು ಈಗ ಭಾರತದಲ್ಲೂ ಸಿಗುತ್ತಿವೆ. ಮೌಂಜಾರೊ 2025ರ ಮಾರ್ಚ್‌ನಲ್ಲಿ, ವೆಗೋವಿ ಜೂನ್‌ನಲ್ಲಿ ಮಾರುಕಟ್ಟೆಗೆ ಬಂದವು. ಇವು ಹಸಿವನ್ನೇ ಕುಗ್ಗಿಸುತ್ತವೆ. ಊಟ ಅರ್ಧಕ್ಕೆ ಇಳಿದಾಗ ತಟ್ಟೆಯಿಂದ ಮೊದಲು ಮಾಯವಾಗುವುದು ತರಕಾರಿ, ಕಾಳು. ಮಲಬದ್ಧತೆ ಈ ಔಷಧಗಳ ಗೊತ್ತಿರುವ ಅಡ್ಡಪರಿಣಾಮ. ಹಾಗಾಗಿ ಸ್ವಲ್ಪವೇ ತಿಂದರೂ ಅದರಲ್ಲಿ ಪ್ರೋಟೀನ್, ನಾರು ಇರುವಂತೆ ನೋಡಿಕೊಳ್ಳಬೇಕು. ವೈದ್ಯರ ಚೀಟಿ ಇಲ್ಲದೆ ಈ ಚುಚ್ಚುಮದ್ದು ತೆಗೆದುಕೊಳ್ಳಲೇಬಾರದು.

ಆಂಟಿಬಯೋಟಿಕ್, ಪ್ರೊಬಯೋಟಿಕ್ ಮತ್ತು ಟೆಸ್ಟ್ ಕಿಟ್

ಊಟ, ವ್ಯಾಯಾಮ ತಿಂಗಳಲ್ಲಿ ಕಟ್ಟಿದ್ದನ್ನು ಆಂಟಿಬಯೋಟಿಕ್ ಕೆಲವೇ ದಿನಗಳಲ್ಲಿ ಕೆಡವಬಲ್ಲದು. ಡೆನ್ಮಾರ್ಕ್‌ನಲ್ಲಿ 12 ಆರೋಗ್ಯವಂತ ಪುರುಷರಿಗೆ ನಾಲ್ಕು ದಿನ ಮೂರು ಪ್ರಬಲ ಆಂಟಿಬಯೋಟಿಕ್ ಕೊಟ್ಟು ಗಮನಿಸಲಾಯಿತು. ಒಂದೂವರೆ ತಿಂಗಳಲ್ಲಿ ಬ್ಯಾಕ್ಟೀರಿಯಾಗಳು ಬಹುತೇಕ ಚೇತರಿಸಿಕೊಂಡವು. ಆದರೆ ಮೊದಲಿದ್ದ ಒಂಬತ್ತು ಜಾತಿಗಳು 180 ದಿನಗಳ ಬಳಿಕವೂ ಕಾಣಲಿಲ್ಲ ಎಂದು 2018ರಲ್ಲಿ ವರದಿಯಾಯಿತು. ಮಳೆಗಾಲದ ನೆಗಡಿ, ವೈರಲ್ ಜ್ವರಕ್ಕೆ ಮೆಡಿಕಲ್ ಅಂಗಡಿಯಿಂದ ತಾವೇ ಆಂಟಿಬಯೋಟಿಕ್ ತಂದು ನುಂಗುವ ರೂಢಿ ಬಿಡಬೇಕಾದ್ದು ಇದಕ್ಕೇ. ಆದರೆ ಕ್ಷಯದಂತಹ ಕಾಯಿಲೆಗೆ ವೈದ್ಯರು ಬರೆದುಕೊಟ್ಟದ್ದನ್ನು 'ಕರುಳು ಕೆಡುತ್ತದೆ' ಎಂದು ಅರ್ಧಕ್ಕೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ.

ಪ್ರೊಬಯೋಟಿಕ್ ಕ್ಯಾಪ್ಸೂಲ್‌ಗಳು ಕೆಲವು ನಿರ್ದಿಷ್ಟ ಸಂದರ್ಭಗಳಲ್ಲಿ ಉಪಯುಕ್ತ. ಎಲ್ಲರೂ ದಿನವೂ ನುಂಗಿದರೆ ತೂಕ ಇಳಿಯುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ಆಂಟಿಬಯೋಟಿಕ್ ನಂತರ ಪ್ರೊಬಯೋಟಿಕ್ ಸೇವಿಸಿದವರಲ್ಲಿ ಸ್ವಂತ ಬ್ಯಾಕ್ಟೀರಿಯಾಗಳ ಚೇತರಿಕೆ ತಡವಾಯಿತು ಎಂದು 2018ರ ಇಸ್ರೇಲ್ ಅಧ್ಯಯನವೊಂದು ಹೇಳಿದೆ. ಸಾವಿರಾರು ರೂಪಾಯಿಯ ಮಲ ಪರೀಕ್ಷೆ ಕಿಟ್‌ಗಳ ವಿಷಯವೂ ಹಾಗೆಯೇ. ಯಾವ ಬ್ಯಾಕ್ಟೀರಿಯಾ ಎಷ್ಟಿವೆ ಎಂದು ಅವು ಹೇಳಬಹುದು. ಆದರೆ 'ಆರೋಗ್ಯವಂತ ಕರುಳು' ಎಂಬುದಕ್ಕೆ ಒಪ್ಪಿತ ಅಳತೆಯೇ ಇಲ್ಲದಿರುವಾಗ ಅದರ ಆಧಾರದ ಮೇಲೆ ಚಿಕಿತ್ಸೆ ನಿರ್ಧರಿಸಲಾಗದು.

ಮುಂಬೈ ದಿನಚರಿಗೆ ಹೊಂದುವ ಸರಳ ಕ್ರಮಗಳು

* ಮನೆ ಡಬ್ಬಾದಲ್ಲಿ ದಿನವೂ ಒಂದು ಕಾಳು, ಒಂದು ಸೊಪ್ಪು ಅಥವಾ ತರಕಾರಿ ಇರಲಿ. ಹೆಸರು, ಹುರುಳಿ, ಅಲಸಂದೆ, ಮಡಿಕೆ, ಕಡಲೆ ಎಂದು ಸರದಿ ಬದಲಿಸಿದರೆ ಬ್ಯಾಕ್ಟೀರಿಯಾಗಳಿಗೂ ವೈವಿಧ್ಯ ಸಿಗುತ್ತದೆ.
* ವಾರದಲ್ಲಿ ಕೆಲವು ದಿನವಾದರೂ ಬಿಳಿ ಅನ್ನದ ಬದಲು ಕುಚ್ಚಲಕ್ಕಿ, ಜೋಳ, ರಾಗಿ ಅಥವಾ ಸಜ್ಜೆ.
* ಊಟದ ಕೊನೆಗೆ ಸಕ್ಕರೆ ಹಾಕದ ಮೊಸರು ಅಥವಾ ಮಜ್ಜಿಗೆ. ಹಾಲು ಒಗ್ಗದ ಹಲವರಿಗೂ ಮೊಸರು ಒಗ್ಗುತ್ತದೆ.
* ಬೇಯಿಸಿ ತಣಿಸಿದ ಅನ್ನ, ಆಲೂಗಡ್ಡೆಯಲ್ಲಿ ಸುಲಭವಾಗಿ ಜೀರ್ಣವಾಗದ ಪಿಷ್ಟ ಸ್ವಲ್ಪ ಹೆಚ್ಚುತ್ತದೆ. ಇದು ಬ್ಯಾಕ್ಟೀರಿಯಾಗಳಿಗೆ ಆಹಾರ. ಆದರೆ ಮುಂಬೈಯ ಸೆಖೆಯಲ್ಲಿ ಅನ್ನವನ್ನು ಹೊರಗಿಟ್ಟರೆ ವಿಷಾಹಾರವಾಗುವ ಅಪಾಯವಿದೆ. ಬೇಗ ತಣಿಸಿ ಫ್ರಿಜ್‌ನಲ್ಲೇ ಇಡಬೇಕು.
* ಮಳೆಗಾಲದಲ್ಲಿ ಬೀದಿಬದಿಯ ಹಸಿ ಚಟ್ನಿ, ಕತ್ತರಿಸಿಟ್ಟ ಹಣ್ಣು, ಪಾನಿಪುರಿ ನೀರಿನಿಂದ ದೂರವಿರುವುದು ಒಳಿತು. ಒಂದು ಬಾರಿಯ ಜೋರು ಭೇದಿ ಕೂಡ ಕರುಳಿನ ಸಮತೋಲನ ಕೆಡಿಸುತ್ತದೆ.
* ತೂಕ ಇಳಿಸುವವರು ವಾರಕ್ಕೆ ಅರ್ಧ ಕೆಜಿಯಷ್ಟು ನಿಧಾನ ಗತಿ ಹಿಡಿಯುವುದು ಒಳ್ಳೆಯದು.

ವೈದ್ಯರನ್ನು ಯಾವಾಗ ಕಾಣಬೇಕು?

ಮಲದಲ್ಲಿ ರಕ್ತ, ಪ್ರಯತ್ನವಿಲ್ಲದೆ ತೂಕ ಇಳಿಯುವುದು, ವಾರಗಟ್ಟಲೆ ಬಿಡದ ಭೇದಿ ಅಥವಾ ಹೊಸದಾಗಿ ಶುರುವಾದ ಮಲಬದ್ಧತೆ, ರಕ್ತಹೀನತೆ, ಸಂಜೆ ಜ್ವರ ಇದ್ದರೆ ಮೊಸರು, ನಾರು ಎಂದು ಕಾಯಬಾರದು. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮುನ್ನ ವೈದ್ಯರಿಗೆ ತಿಳಿಸಬೇಕು, ಇಲ್ಲವಾದರೆ ಸಕ್ಕರೆ ಅಪಾಯಕಾರಿ ಮಟ್ಟಕ್ಕೆ ಕುಸಿಯಬಹುದು. ಮೂತ್ರಪಿಂಡದ ತೊಂದರೆ ಇರುವವರು ಕಾಳು ಹೆಚ್ಚಿಸುವ ಮುನ್ನವೂ ಕೇಳಬೇಕು.

ಒಟ್ಟಾರೆ ಹೇಳುವುದಾದರೆ, ಕರುಳಿನ ಬ್ಯಾಕ್ಟೀರಿಯಾಗಳ ಮೇಲೆ ಊಟದ ಪ್ರಭಾವ ದೊಡ್ಡದು, ವ್ಯಾಯಾಮದ್ದು ಅದಕ್ಕಿಂತ ಸಣ್ಣದಾದರೂ ನಿಜವಾದದ್ದು. ತೂಕ ಇಳಿಕೆಯ ಪರಿಣಾಮ ಅದನ್ನು ಇಳಿಸುವ ರೀತಿಯ ಮೇಲೆ ನಿಂತಿದೆ. ಈ ಮೂರಕ್ಕೂ ಅನ್ವಯಿಸುವ ಮಾತು ಒಂದೇ: ನಿಲ್ಲಿಸಿದರೆ ಫಲವೂ ನಿಲ್ಲುತ್ತದೆ. ದುಬಾರಿ ಕ್ಯಾಪ್ಸೂಲ್‌ಗಿಂತ ಮೊದಲು ನಾಳೆಯ ಡಬ್ಬಾಕ್ಕೆ ಒಂದು ಹಿಡಿ ಕಾಳು ನೆನೆಹಾಕುವುದು ಸುಲಭವೂ ಹೌದು, ಅಗ್ಗವೂ ಹೌದು.